ಸಹಾಯ ಬೇಕು: ಕಾಕಾ ಅವರ ಹಳೇ ಬಿಬಿಸಿ ಮೈಕ್ರೋ ಕಂಪ್ಯೂಟರ್ ಮತ್ತೆ ಓಡಬೇಕು

ನಮಸ್ಕಾರ, ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ನಮ್ಮ ಕಾಕಾ ಗಣಿತದ ಮಾಸ್ತರರು. ಮಕ್ಕಳಿಗೆ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ‘ಕ್ಲಾಸ್’ ಎಂಬ ಸರ್ಕಾರಿ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂದಿದ್ದವಲ್ಲ, ಅಂಥದ್ದೊಂದನ್ನು ಗುಜರಿಗೆ ಹಾಕುವಾಗ ದುಡ್ಡು ಕೊಟ್ಟು ಮನೆಗೆ ತಂದಿದ್ದರು. ಹಿನ್ನೀರು ಬಂದು ಹಳೇ ಊರು ಬಿಡುವಾಗಲೂ ಅದನ್ನು ಚಾದರದಲ್ಲಿ ಸುತ್ತಿ ತಂದರು.

ಹೋದ ವಾರ ಹೊರಗೆ ತೆಗೆದೆ. ಒಳಗೆ ನೋಡದೆ ಸ್ವಿಚ್ ಹಾಕಿದ್ದು ನನ್ನ ತಪ್ಪು. ಮೊದಲು ಆ ಎರಡು ಸ್ವರದ ಬೀಪ್ ಬಂತು. ಕಾಕಾ ಕಣ್ಣಲ್ಲಿ ನೀರು! ಐದೇ ನಿಮಿಷಕ್ಕೆ ಪವರ್ ಸಪ್ಲೈನಿಂದ ದಟ್ಟ ಹೊಗೆ, ಗಂಟಲು ಹಿಡಿಯುವ ವಾಸನೆ. ತಕ್ಷಣ ಪ್ಲಗ್ ಕಿತ್ತೆ.

ಬಿಚ್ಚಿದರೆ, ಹಳದಿ ಗಾಜಿನಂಥ ಕವಚದ ರಿಫಾ ಕಂಪನಿಯ ಕೆಪಾಸಿಟರ್ ಸೀಳಿತ್ತು. ಇವು ಒಳಗೆ ಕಾಗದ ಇರುವಂಥವು. ಕವಚ ಬಿರುಕು ಬಿಟ್ಟು ತೇವ ಹೋದರೆ ಹೀಗಾಗುತ್ತದೆ. ಈಗ 0.1 ಮತ್ತು 0.01 ಮೈಕ್ರೋಫ್ಯಾರಡ್‌ನ ಎಕ್ಸ್2 ಎಂಬ ಸುರಕ್ಷತಾ ದರ್ಜೆಯ ಕೆಪಾಸಿಟರ್ ಬೇಕು. ಸಾದಾ ಕೆಪಾಸಿಟರ್ ಹಾಕುವಂತಿಲ್ಲ, ಇದು ಮನೆಯ ಕರೆಂಟಿನ ಲೈನಿಗೇ ನೇರವಾಗಿ ಕೂರುವಂಥದ್ದು. ಬೆಳಗಾವಿ ಅಥವಾ ಹುಬ್ಬಳ್ಳಿಯಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಇನ್ನೊಂದು ಮಾತು. ಕೀಲಿಗಳ ಸಂದಿಯಲ್ಲಿ ಕೆಂಪು ಧೂಳು, ಸತ್ತ ಇರುವೆ. ಬ್ರಶ್‌ನಿಂದ ಅರ್ಧ ತೆಗೆದಿದ್ದೇನೆ. ಮೇಲಿನ ಕವಚ ಹಳದಿಯಾಗಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಿಳುಪಾಗುತ್ತದೆ, ಆದರೆ ನಮ್ಮ ಬಿಸಿಲು ಜಾಸ್ತಿ ಅಲ್ವಾ, ಒಣಗಿದರೆ ಕಲೆ ಬೀಳುತ್ತದೆ. ಈ ಕಡೆ ಯಾರಾದರೂ ಮಾಡಿದ್ದರೆ ಎಷ್ಟು ಹೊತ್ತು ಇಟ್ಟಿರಿ, ದಯವಿಟ್ಟು ತಿಳಿಸಿ. ಭಾನುವಾರ ಯಂತ್ರ ತಗೊಂಡು ನಿಮ್ಮಲ್ಲಿಗೇ ಬರಲೂ ತಯಾರಿದ್ದೇನೆ.