ಸಹಾಯ ಬೇಕು: ಕರ್ನಾಟಕದಲ್ಲಿದ್ದು ಮುಚ್ಚಿಹೋದ ಕಂಪನಿಗಳ ಪಟ್ಟಿ

ಎಲ್ಲರಿಗೂ ನಮಸ್ಕಾರ. ಕರ್ನಾಟಕದಲ್ಲೇ ಪ್ರಧಾನ ಕಚೇರಿ ಹೊಂದಿದ್ದು, ಈಗ ಕೆಲಸ ನಿಲ್ಲಿಸಿರುವ ಕಂಪನಿಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ.

ಸದ್ಯ ಹೆಚ್ಚು ಮಾಹಿತಿ ಇರುವುದು ಮೈಸೂರಿನ ಐಡಿಯಲ್ ಜಾವಾ ಬಗ್ಗೆ. 1960ರಲ್ಲಿ ಆರಂಭವಾಗಿ, ಜೆಕೊಸ್ಲೊವಾಕಿಯಾದ ತಂತ್ರಜ್ಞಾನದಲ್ಲಿ ಜಾವಾ ಬೈಕುಗಳನ್ನೂ ಮುಂದೆ ಯೆಜ್ಡಿಗಳನ್ನೂ ತಯಾರಿಸಿದ ಈ ಕಾರ್ಖಾನೆ 1996ರಲ್ಲಿ ಮುಚ್ಚಿತು. ಒದ್ದು ಸ್ಟಾರ್ಟ್ ಮಾಡಿದ ಕಿಕ್ಕರನ್ನೇ ಮುಂದಕ್ಕೆ ಮಡಚಿ ಗೇರ್ ಬದಲಿಸುವ ಆ ಬೈಕುಗಳ ಜಾಣ ವ್ಯವಸ್ಥೆಯನ್ನು ಕಂಡವರು ಮರೆಯಲಾರರು. ಅದನ್ನು ಜೋಡಿಸಿದ ಕೈಗಳ ನೆನಪೂ ದಾಖಲಾಗಬೇಕೆಂಬುದು ನನ್ನ ಆಸೆ.

ತೊಡಕಿರುವುದು ಮುಚ್ಚಿದ ದಿನಾಂಕದಲ್ಲಿ. ಕೋಲಾರದ ಭಾರತ್ ಗೋಲ್ಡ್ ಮೈನ್ಸ್‌ನ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ಆದರೆ ಉತ್ಪಾದನೆ ನಿಲ್ಲುವುದು, ಸಮಾಪನೆಗೆ (ಆಸ್ತಿ ಮಾರಿ, ಸಾಲ ತೀರಿಸಿ ಕಂಪನಿಯನ್ನು ಕೊನೆಗೊಳಿಸುವುದಕ್ಕೆ) ಆದೇಶವಾಗುವುದು, ಕಂಪನಿ ರಿಜಿಸ್ಟ್ರಾರರ ಪುಸ್ತಕದಿಂದ ಹೆಸರು ತೆಗೆಯುವುದು ಬೇರೆ ಬೇರೆ ಘಟನೆಗಳಾಗಿದ್ದು, ಇವುಗಳ ನಡುವೆ ಹಲವು ವರ್ಷಗಳೇ ಕಳೆಯಬಹುದು. ಯಂತ್ರಗಳು ನಿಂತ ದಿನವೇ ಕಾರ್ಮಿಕರ ಪಾಲಿಗೆ ನಿಜವಾದ ಕೊನೆಯೆಂದು ನನಗನಿಸುತ್ತದೆ. ಆದರೂ ಮೂರನ್ನೂ ನಮೂದಿಸುವುದು ಸರಿಯಾದ ಕ್ರಮ.

ಆದ್ದರಿಂದ ವಿದ್ಯುತ್ ಉಪಕರಣಗಳನ್ನು ತಯಾರಿಸುತ್ತಿದ್ದ ಬೆಂಗಳೂರಿನ ಬೈಯಪ್ಪನಹಳ್ಳಿಯ ಎನ್‌ಜಿಇಎಫ್, 2016ರಲ್ಲಿ ಮುಚ್ಚಿದ ಎಚ್‌ಎಂಟಿ ವಾಚಸ್ ಅಥವಾ ಇನ್ನಾವುದೇ ಸಣ್ಣ ಕಂಪನಿಯ ವಾರ್ಷಿಕ ವರದಿ, ಷೇರು ಪತ್ರ, ಸಂಬಳದ ಚೀಟಿ, ಸ್ವಯಂ ನಿವೃತ್ತಿಯ ಸುತ್ತೋಲೆ ನಿಮ್ಮ ಮನೆಯಲ್ಲಿದ್ದರೆ, ಖಾಸಗಿ ವಿವರಗಳನ್ನು ಮರೆಮಾಡಿ ಅದರ ಫೋಟೊವನ್ನು ಇಲ್ಲಿ ಹಾಕಬೇಕೆಂದು ವಿನಂತಿಸುತ್ತೇನೆ. ಅಲ್ಲಿ ದುಡಿದವರು ತಮ್ಮ ವಿಭಾಗದಲ್ಲಿ ಕೊನೆಯ ಪಾಳಿ ಯಾವಾಗ ನಡೆಯಿತೆಂದು ತಿಳಿಸಿದರೂ ದೊಡ್ಡ ಉಪಕಾರವಾಗುತ್ತದೆ.