ಪದಚರ್ಚೆ: ಮೀನುಕೊಳದ ಫಿಲ್ಟರ್‌ಗೆ ‘ಸೋಸುಕ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಕೈತೋಟದ ಮೀನುಕೊಳಕ್ಕೆ ಏನೇನು ಸಲಕರಣೆ ಬೇಕು, ಹೇಗೆ ಆರಿಸಬೇಕು ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅರ್ಧ ಮುಗಿದಿದೆ. ಉಳಿದರ್ಧ ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದೆ. ಆ ಪದ ಫಿಲ್ಟರ್.

ಮೊದಲ ಕರಡಿನಲ್ಲಿ ‘ಸೋಸುಕ’ ಅಂತ ಬರೆದಿದ್ದೆ. ಕೇಳಿದ ಕೂಡಲೇ ಅರ್ಥವಾಗುವ ಅಚ್ಚಗನ್ನಡ ಪದ ಸಿಕ್ಕಿತು ಅಂತ ಖುಷಿಯೂ ಆಗಿತ್ತು. ಮನೆಯಲ್ಲಿ ಕೊಳ ಇಟ್ಟುಕೊಂಡಿರುವ ಗೆಳೆಯನಿಗೆ ಓದಲು ಕೊಟ್ಟೆ. ಅದರಲ್ಲಿ ‘ಸೋಸುಕ ಕಟ್ಟಿಕೊಂಡರೆ ಬಿಚ್ಚಿ ಚೆನ್ನಾಗಿ ತೊಳೆಯಿರಿ’ ಅಂತ ಒಂದು ಸಾಲಿತ್ತು. ಅವನು ಒಳಗಿನ ಸ್ಪಂಜನ್ನೆಲ್ಲ ನಲ್ಲಿ ಕೆಳಗೆ ಹಿಡಿದು, ಕಂದು ಬಣ್ಣ ಪೂರ್ತಿ ಹೋಗುವ ತನಕ ಹಿಂಡಿ ಹಿಂಡಿ ತೊಳೆದ. ಮೂರನೇ ದಿನ ಫೋನ್ ಬಂತು. ‘ನೀರು ಕನ್ನಡಿ ಥರ ಇದೆ ಮಾರಾಯ, ತಳದ ಕಲ್ಲು ಎಣಿಸಬಹುದು. ಆದರೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ.’ ಅರ್ಧದಷ್ಟು ನೀರು ಬದಲಿಸುವ ಹೊತ್ತಿಗೆ ಎರಡು ಮೀನು ಹೋಗಿದ್ದವು.

ಅವನು ಮಾಡಿದ್ದರಲ್ಲಿ ತಪ್ಪೇನಿಲ್ಲ. ಸೋಸುವ ಸಾಮಾನನ್ನು ಯಾರಾದರೂ ಹಾಗೇ ತೊಳೆಯುತ್ತಾರೆ, ಅಲ್ವಾ? ಜರಡಿಯ ಕಣ್ಣು ತೆರೆದಷ್ಟೂ ಒಳ್ಳೆಯದು. ಎಡವಟ್ಟು ಮಾಡಿದ್ದು ನನ್ನ ಪದ.

ಕೊಳದ ಫಿಲ್ಟರ್ ಎರಡು ಕೆಲಸ ಮಾಡುತ್ತದೆ. ಒಂದು ಸೋಸುವುದು. ಎಲೆಚೂರು, ಮೀನಿನ ಹಿಕ್ಕೆ, ಮಣ್ಣು ಸ್ಪಂಜಿನಲ್ಲಿ ಸಿಕ್ಕಿಕೊಳ್ಳುತ್ತವೆ. ಇದಕ್ಕೆ ‘ಸೋಸುಕ’ ಸರಿಯಾಗಿ ಹೊಂದುತ್ತದೆ. ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಮೀನು ತನ್ನ ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಅದು ನೀರಿನಲ್ಲಿ ಕರಗಿರುತ್ತದೆ. ಕರಗಿದ್ದನ್ನು ಸೋಸಲು ಆಗುವುದಿಲ್ಲ. ಸ್ಪಂಜಿನ ಮೇಲೆ ಕಂದು ಲೋಳೆಯಾಗಿ ಕೂತ ಬ್ಯಾಕ್ಟೀರಿಯಾಗಳು ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಮೀನಿಗೆ ವಿಷ. ಮೂರನೆಯದು ಅಷ್ಟು ತೊಂದರೆ ಕೊಡುವುದಿಲ್ಲ, ಗಿಡಗಳಿಗೆ ಗೊಬ್ಬರವೂ ಆಗುತ್ತದೆ. (ನೈಟ್ರೈಟ್, ನೈಟ್ರೇಟ್: ಕನ್ನಡದಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಐತ್ವ. ಅಚ್ಚುಮೊಳೆ ಸ್ವಲ್ಪ ಮಸುಕಾದರೆ ವಿಷ ಗೊಬ್ಬರವಾಗಿಬಿಡುತ್ತದೆ!) ಗೆಳೆಯ ಕೊಳೆ ಅಂತ ತೊಳೆದದ್ದು ಈ ಬ್ಯಾಕ್ಟೀರಿಯಾಗಳನ್ನು. ಉಳಿದಿದ್ದ ನಾಲ್ಕನ್ನೂ ನಲ್ಲಿ ನೀರಿನ ಕ್ಲೋರಿನ್ ಮುಗಿಸಿತು. ಸ್ಪಂಜನ್ನು ಕೊಳದ್ದೇ ನೀರು ತುಂಬಿದ ಬಕೆಟ್ಟಿನಲ್ಲಿ ಎರಡು ಸಲ ಅದ್ದಿ ಹಿಂಡಿದ್ದರೆ ಸಾಕಿತ್ತು.

ಹಾಗಾದರೆ ಈ ಎರಡನೇ ಕೆಲಸಕ್ಕೆ ಏನನ್ನೋಣ? ‘ಶೋಧಕ’ ಪಠ್ಯಪುಸ್ತಕದ ಪದ. ಅದಕ್ಕೂ ಸೋಸುವ ಅರ್ಥವೇ, ಜೊತೆಗೆ ಹುಡುಕುವವನು ಅನ್ನುವ ಅರ್ಥ ಬೇರೆ. ‘ಜೈವಿಕ ಶೋಧಕ’ ಅಂದರೆ ಜೀವಿಗಳನ್ನು ಹುಡುಕುವ ಯಂತ್ರ ಅಂತ ಒಬ್ಬರು ತಿಳಿದುಕೊಂಡರು. ನನಗೆ ಹೊಳೆದದ್ದು ‘ಅರಗಿಸು’. ಹೊಟ್ಟೆ ಮಾಡುವ ಕೆಲಸವನ್ನೇ ಆ ಪೆಟ್ಟಿಗೆಯೂ ಮಾಡುತ್ತದೆ. ಆದರೆ ‘ಅರಗುಪೆಟ್ಟಿಗೆ’ ಅಂತ ಬರೆದು ನೋಡಿದರೆ ಪಾಂಡವರ ಅರಗಿನ ಮನೆ ಕಣ್ಣಮುಂದೆ ಬಂತು. ಸದ್ಯಕ್ಕೆ ‘ಅರಗಿಸುವ ಫಿಲ್ಟರ್’ ಅಂತ ಇಟ್ಟುಕೊಂಡಿದ್ದೇನೆ. ಇದರಿಂದ ಒಂದು ಲಾಭವೂ ಆಯಿತು. ಹೊಸ ಫಿಲ್ಟರ್ ಹಾಕಿದ ದಿನವೇ ಕೊಳದ ತುಂಬ ಮೀನು ಬಿಡಬಾರದು, ಬ್ಯಾಕ್ಟೀರಿಯಾ ನೆಲೆಯಾಗಲು 4ರಿಂದ 6 ವಾರ ಬೇಕು. ‘ಇನ್ನೂ ಅರಗಿಸುವ ಶಕ್ತಿ ಬಂದಿಲ್ಲ’ ಅಂದರೆ ಯಾರಿಗಾದರೂ ತಿಳಿಯುತ್ತದೆ.

‘ತಿಳಿಯುತ್ತದೆ’ ಅಂದೆನಲ್ಲ, ನನ್ನ ಎರಡನೇ ತೊಡಕು ಅದೇ. ನೀರು ತಿಳಿಯಾಗುವುದು, ನಮಗೆ ತಿಳಿಯುವುದು ಎರಡಕ್ಕೂ ಒಂದೇ ಮಾತು. ಚೆಂದದ ಮಾತು. ಆದರೆ ಕೊಳದ ವಿಷಯದಲ್ಲಿ ತಿಳಿನೀರು ನೋಡಿ ಏನೂ ತಿಳಿಯುವುದಿಲ್ಲ! ಗೆಳೆಯನ ಕೊಳ ಕನ್ನಡಿಯ ಹಾಗಿದ್ದಾಗಲೇ ಮೀನು ಸತ್ತದ್ದು. ಇತ್ತ ಸ್ವಲ್ಪ ಹಸಿರಾದ ನೀರಿನಲ್ಲಿ ಮೀನು ಆರಾಮಾಗಿ ಇರುತ್ತವೆ. ಅದಕ್ಕೇ ‘ಶುದ್ಧ’, ‘ಸ್ವಚ್ಛ’, ‘ನಿರ್ಮಲ’ ಮೂರನ್ನೂ ಕೈಪಿಡಿಯಿಂದ ತೆಗೆದುಹಾಕಿದೆ. ಕಣ್ಣಿಗೆ ಕಾಣುವುದಕ್ಕೆ ‘ತಿಳಿ’, ಮೀನಿಗೆ ಆಗುವುದಕ್ಕೆ ‘ಹಿತ’ ಅಂತ ಎರಡೇ ಪದ ಉಳಿಸಿಕೊಂಡಿದ್ದೇನೆ. ‘ಹಿತವಾದ ನೀರು’ ಅಂದರೆ ಬೆಚ್ಚಗಿನ ನೀರು ಅಂತ ಅರ್ಥ ಬರುತ್ತದೆಯೇ? ನನ್ನ ಕಿವಿಗೆ ಸ್ವಲ್ಪ ಬರುತ್ತದೆ. ನಿಮ್ಮ ಕಿವಿಗೆ?

‘ಪಾಚಿ’ಯ ಗೋಳು ಇನ್ನೂ ದೊಡ್ಡದು. ನೀರನ್ನೇ ಹಸಿರು ಮಾಡುವ ಒಂಟಿಕಣದ್ದೂ ಪಾಚಿ, ಕೂದಲಿನ ಹಾಗೆ ಎಳೆ ಎಳೆಯಾಗಿ ಬೆಳೆಯುವುದೂ ಪಾಚಿ, ಕಲ್ಲಿನ ಮೇಲೆ ಜಾರುವುದೂ ಪಾಚಿ. ಯುವಿ ದೀಪ (ಪಾಚಿ ಕಡಿಮೆ ಮಾಡಲು ಇಡುವ ಅಲ್ಟ್ರಾವಯೊಲೆಟ್ ಕಿರಣದ ದೀಪ) ಕೊಳ್ಳುವವರು ಮೋಸ ಹೋಗುವುದು ಇಲ್ಲೇ. ದೀಪವನ್ನು ದಾಟಿ ಹರಿಯುವ ನೀರಿನಲ್ಲಿ ತೇಲುತ್ತಿರುವ ಕಣಗಳಿಗೆ ಮಾತ್ರ ಅದರ ಏಟು ಬೀಳುತ್ತದೆ. ಅವು ಗುಂಪುಗೂಡಿ ಫಿಲ್ಟರಿಗೆ ಸಿಗುತ್ತವೆ. ಕಲ್ಲು ಹಿಡಿದು ಕೂತ ಎಳೆಪಾಚಿ ದೀಪದ ಹತ್ತಿರಕ್ಕೇ ಹೋಗುವುದಿಲ್ಲ, ಅದನ್ನು ಕೋಲಿಗೆ ಸುತ್ತಿ ಕೈಯಾರೆ ಎಳೆಯಬೇಕು. ‘ಪಾಚಿ ಹೋಗುತ್ತದೆ’ ಅಂತ ಬರೆದರೆ ಅರ್ಧ ಸುಳ್ಳು. ಹಾಗಾಗಿ ‘ಹಸಿರುನೀರು’, ‘ಎಳೆಪಾಚಿ’, ‘ಜಾರುಪಾಚಿ’ ಅಂತ ಮೂರು ಮಾಡಿದ್ದೇನೆ. ‘ಹಾವಸೆ’ ಅಂತ ಇನ್ನೊಂದು ಹಳೆಯ ಪದ ಇದೆ. ಅದನ್ನು ಮೂರರಲ್ಲಿ ಒಂದಕ್ಕೆ ಮೀಸಲಿಡಬಹುದಾ? ಈಗಲೂ ಬಳಸುವವರು ಇದ್ದರೆ ಯಾವುದಕ್ಕೆ ಬಳಸುತ್ತೀರಿ ಅಂತ ಹೇಳಿ.

ಯುವಿಗೆ ‘ನೇರಳಾತೀತ’ ಅಂದರೂ ‘ಅತಿನೇರಳೆ’ ಅಂದರೂ ಒಂದೇ ಅಂತ ಸುಮ್ನೆ ಬಿಡುವ ಹಾಗಿಲ್ಲ. ‘ಅತಿನೇರಳೆ’ ಓದಿದವರು ತುಂಬಾ ನೇರಳೆ ಬಣ್ಣ ಅಂದುಕೊಳ್ಳುತ್ತಾರೆ. ಕೆಲಸ ಮಾಡುವ ಕಿರಣ 254 ನ್ಯಾನೊಮೀಟರಿನದು, ಅದು ಕಾಣುವುದೇ ಇಲ್ಲ. ಕಾಣುವ ನೀಲಿ ಹೊಳಪು ಬೇರೆ. ಸುಮಾರು ಒಂದು ವರ್ಷ ಉರಿದ ಮೇಲೆ ಆ ಕಾಣದ ಕಿರಣ ಸೊರಗುತ್ತದೆ, ನೀಲಿ ಹೊಳಪು ಮಾತ್ರ ಹಾಗೇ ಇರುತ್ತದೆ. ‘ದೀಪ ಚೆನ್ನಾಗೇ ಉರೀತಿದೆಯಲ್ಲ, ಯಾಕೆ ಬದಲಿಸಬೇಕು’ ಅನ್ನುವವರಿಗೆ ‘ನೇರಳಾತೀತ’ವೇ ವಾಸಿ. ಆ ‘ಅತೀತ’ ಕಣ್ಣಿಗೂ ಅತೀತ. (ಉರಿಯುವ ದೀಪವನ್ನು ಬಿಚ್ಚಿ ನೋಡಬೇಡಿ, ಕಣ್ಣಿಗೆ ಕೆಟ್ಟದ್ದು.)

ಪಂಪಿನ ‘ಹೆಡ್’ (ನೀರನ್ನು ಎಷ್ಟು ಎತ್ತರಕ್ಕೆ ಎತ್ತಬೇಕು ಅನ್ನುವ ಅಳತೆ) ಅನ್ನು ಹಾಗೇ ಬಿಟ್ಟಿದ್ದೇನೆ. ಪಂಪ್‌ಸೆಟ್ ರಿಪೇರಿಯವರು ‘ಎಷ್ಟು ಹೆಡ್ ಎತ್ತುತ್ತೆ’ ಅಂತಲೇ ಕೇಳುವುದು. 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳದ ಕೊಳದಲ್ಲಿ 6000 ಲೀಟರ್ ನೀರು. ಎರಡು ಗಂಟೆಗೊಮ್ಮೆ ಅಷ್ಟೂ ನೀರು ಫಿಲ್ಟರ್ ದಾಟಬೇಕು ಅಂದರೆ ಗಂಟೆಗೆ 3000 ಲೀಟರ್. ಆದರೆ ಡಬ್ಬಿಯ ಮೇಲಿನ ಅಂಕಿ ಹೆಡ್ ಸೊನ್ನೆ ಇದ್ದಾಗಿನದು. ನೀರನ್ನು ಮೇಲೆ ಎತ್ತಿದಷ್ಟೂ ಹರಿವು ಇಳಿಯುತ್ತದೆ. ‘ಎತ್ತುಮಟ್ಟ’ ಅಂತ ಕಟ್ಟಿ ನೋಡಿದೆ, ಬೇಡ ಅನಿಸಿತು.

ನೀರಿನ ಮೇಲೆ ತೇಲುವ ಕಸ ತೆಗೆಯುವ ಸ್ಕಿಮ್ಮರ್‌ಗೆ ‘ಮೇಲ್ಗಸ ಬಾಚುಕ’. ಇದಕ್ಕೆ ಜಗಳವಿಲ್ಲ ಅಂದುಕೊಂಡಿದ್ದೇನೆ.

ಕೊನೆಯದು ಏರೇಟರ್, ಅಂದರೆ ನೀರಿಗೆ ಗಾಳಿಯ ಗುಳ್ಳೆ ಬಿಡುವ ಯಂತ್ರ. ‘ವಾಯುಪೂರಣ ಯಂತ್ರ’ ನನ್ನ ಬಾಯಿಗೆ ಬರುವುದಿಲ್ಲ. ‘ಗಾಳಿ ಪಂಪು’ ಅಂದರೆ ಸೈಕಲ್ ಪಂಪು. ‘ಗುಳ್ಳೆಯಂತ್ರ’ ಮುದ್ದಾಗಿದೆ, ಆದರೆ ಅದನ್ನು ಬರೀ ಚೆಂದಕ್ಕೆ ಇಡುವ ಆಟಿಕೆ ಅಂದುಕೊಂಡು ರಾತ್ರಿ ಆರಿಸಿ ಮಲಗುತ್ತಾರೆ. ರಾತ್ರಿಯೇ ಅದು ಬೇಕಾದದ್ದು. ಕತ್ತಲಲ್ಲಿ ಗಿಡ, ಪಾಚಿ ಎಲ್ಲವೂ ಆಮ್ಲಜನಕ ಎಳೆದುಕೊಳ್ಳುತ್ತವೆ, ಬೆಳಗಿನ ಜಾವಕ್ಕೆ ನೀರಿನಲ್ಲಿ ಅದು ತೀರಾ ಕಡಿಮೆ. ಬಿಸಿಲುಗಾಲದಲ್ಲಂತೂ ಬೆಚ್ಚಗಿನ ನೀರು ಹಿಡಿದಿಟ್ಟುಕೊಳ್ಳುವುದೇ ಕಡಿಮೆ. ‘ಉಸಿರು’ ಅನ್ನುವುದನ್ನು ಸೇರಿಸಿ ಒಂದು ಪದ ಕಟ್ಟಬಹುದೇನೋ ಅಂತ ನಾಲ್ಕು ದಿನದಿಂದ ತಡಕಾಡುತ್ತಿದ್ದೇನೆ. ‘ಉಸಿರುಗೊಳವೆ’ ಅಂದರೆ ಆಸ್ಪತ್ರೆ ನೆನಪಾಗುತ್ತದೆ. ಯಾರಿಗಾದರೂ ಒಳ್ಳೆಯದು ಹೊಳೆದರೆ ಕಳಿಸಿ. ಜೊತೆಗೆ, ‘ಅರಗಿಸುವ ಫಿಲ್ಟರ್’ ಓದಿದರೆ ಅದನ್ನು ನಲ್ಲಿ ಕೆಳಗೆ ಹಿಡಿದು ತಿಕ್ಕಬೇಕು ಅನಿಸುತ್ತದೆಯೋ ಇಲ್ಲವೋ, ಅದನ್ನೂ ತಿಳಿಸಿ.