ಮನೆಯಲ್ಲಿ ಒಬ್ಬರಿಗೆ ಫ್ಲೂ ಬಂದರೆ ಉಳಿದವರೂ ಮಾತ್ರೆ ತಗೋಬೇಕಾ?

ಪ್ರಶ್ನೆ:
ಮಗನಿಗೆ ನಿನ್ನೆ ಸಂಜೆಯಿಂದ ಜೋರು ಜ್ವರ, ಮೈಕೈ ನೋವು. ಇವತ್ತು ಟೆಸ್ಟ್‌ನಲ್ಲಿ ಇನ್‌ಫ್ಲುಯೆಂಜಾ ಎ ಅಂತ ಬಂತು. ಡಾಕ್ಟರ್ ಒಸೆಲ್ಟಾಮಿವಿರ್ ಅನ್ನೋ ಫ್ಲೂ ಮಾತ್ರೆ ಬರೆದುಕೊಟ್ಟಿದ್ದಾರೆ. ನನಗೆ ಜಾಸ್ತಿ ಚಿಂತೆ ಅಮ್ಮನದು. ವಯಸ್ಸು 70 ದಾಟಿದೆ, ಅಸ್ತಮಾ ಇದೆ, ಕಿಡ್ನಿಯೂ ಅಷ್ಟು ಚೆನ್ನಾಗಿಲ್ಲ. ಅವರಿಗೆ ಈಗಲೇ ಶುರು ಮಾಡಬೇಕಾ, ಜ್ವರ ಬಂದಮೇಲೆ ಕೊಟ್ಟರೆ ಸಾಕಾ? ಮಗನ ಮಾತ್ರೆಯಲ್ಲೇ ಅವರಿಗೂ ಕೊಡಬಹುದಾ? ಈ ಔಷಧಿಯಿಂದ ಹೆಚ್ಚೇನೂ ಆಗಲ್ಲ, ಸುಮ್ನೆ ದುಡ್ಡು ದಂಡ ಅಂತಲೂ ಕೆಲವರು ಹೇಳುತ್ತಾರೆ.

ಉತ್ತರ 1:
ಮೊದಲು ಅಮ್ಮನ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ನಾಳೆ ನೋಡೋಣ ಅನ್ನಬೇಡಿ. ಫ್ಲೂ ವೈರಸ್ ಒಂದು ಜೀವಕೋಶದಲ್ಲಿ ಬೆಳೆದು, ನ್ಯೂರಮಿನಿಡೇಸ್ ಅನ್ನೋ ಕಿಣ್ವದಿಂದ ಕಟ್ಟು ಬಿಡಿಸಿಕೊಂಡು ಮುಂದಿನ ಕೋಶಕ್ಕೆ ಹೋಗುತ್ತದೆ. ಒಸೆಲ್ಟಾಮಿವಿರ್ ತಡೆಯುವುದು ಅದನ್ನೇ. ವೈರಸ್ ಆಗಲೇ ಎಲ್ಲ ಕಡೆ ಹರಡಿಬಿಟ್ಟಿದ್ದರೆ ತಡೆಯೋಕೆ ಹೆಚ್ಚೇನೂ ಉಳಿದಿರಲ್ಲ, ಅದಕ್ಕೇ 48 ಗಂಟೆಯೊಳಗೆ ಶುರು ಮಾಡಿ ಅನ್ನುವುದು. ಆದರೆ ಆಸ್ಪತ್ರೆ ಸೇರುವಷ್ಟು ಜೋರಾದವರಿಗೆ ತಡವಾದರೂ ಕೊಡುತ್ತಾರೆ.

ಮಾತ್ರೆ ಹಂಚಿಕೊಳ್ಳುವುದು ಬೇಡವೇ ಬೇಡ. ಮಕ್ಕಳ ಡೋಸ್ ತೂಕದ ಮೇಲೆ ಹೋಗುತ್ತದೆ. ದೊಡ್ಡವರಿಗೆ ಚಿಕಿತ್ಸೆಗೆ 75 ಮಿಲಿಗ್ರಾಂ ದಿನಕ್ಕೆ ಎರಡು ಸಲ, 5 ದಿನ. ಬರದಂತೆ ತಡೆಯೋಕೆ ದಿನಕ್ಕೆ ಒಂದೇ ಸಲ, 7ರಿಂದ 10 ದಿನ. ಕಿಡ್ನಿ ದುರ್ಬಲ ಇದ್ದರೆ ಇದನ್ನೂ ಕಡಿಮೆ ಮಾಡಬೇಕು, ಹಾಗಾಗಿ ಅವರ ಕ್ರಿಯಾಟಿನಿನ್ ರಿಪೋರ್ಟ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಕೈಯಲ್ಲಿಟ್ಟುಕೊಂಡೇ ಮಾತಾಡಿ.

ಉತ್ತರ 2:
ದುಡ್ಡು ದಂಡ ಅನ್ನುವವರ ಮಾತಲ್ಲಿ ಅರ್ಧ ಸತ್ಯ ಇದೆ. 2014ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ), ದೊಡ್ಡವರಿಗೆ ಒಸೆಲ್ಟಾಮಿವಿರ್‌ನಿಂದ ಲಕ್ಷಣಗಳು ಕಡಿಮೆಯಾಗೋಕೆ ಹಿಡಿಯುವ ಸಮಯ ಸುಮಾರು 17 ಗಂಟೆ ಇಳಿಯಿತು ಅಂತ ಬಂತು, ಅಷ್ಟೇ. ವಾಕರಿಕೆ, ವಾಂತಿಯೂ ಜಾಸ್ತಿ. (ಊಟದ ಜೊತೆ ತಗೊಂಡರೆ ಸ್ವಲ್ಪ ವಾಸಿ.) ಗಟ್ಟಿಮುಟ್ಟಾದ ಯುವಕರು ವಿಶ್ರಾಂತಿಯಲ್ಲೇ ಸುಧಾರಿಸಿಕೊಳ್ಳುತ್ತಾರೆ, ಅಲ್ವಾ. ಆದರೆ ವಯಸ್ಸಾದವರು, ಗರ್ಭಿಣಿಯರು, ಅಸ್ತಮಾ, ಹೃದಯದ ಕಾಯಿಲೆ ಇರುವವರಿಗೆ ಅದೇ ಫ್ಲೂ ನ್ಯುಮೋನಿಯಾಕ್ಕೆ ತಿರುಗಬಹುದು. ನಿಮ್ಮ ಅಮ್ಮನ ವಿಷಯದಲ್ಲಿ ನಾನು ಲೆಕ್ಕ ಹಾಕುತ್ತಾ ಕೂರುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ. ಮೂಗಿನಿಂದ ಎಳೆದುಕೊಳ್ಳುವ ಔಷಧಿಯೂ ಇದೆಯಂತೆ, ಒಂದೇ ಡೋಸಿನದೂ ಇದೆಯಂತೆ. ಅಮ್ಮನಿಗೆ ಅವು ಸುಲಭ ಆಗಬಹುದಾ?

ಉತ್ತರ 1:
ಎಳೆದುಕೊಳ್ಳುವುದು ಝಾನಾಮಿವಿರ್, ಮೂಗಿನಿಂದಲ್ಲ, ಬಾಯಿಂದ. ಅಸ್ತಮಾ ಇರುವವರಿಗೆ ಅದು ಬೇಡ, ಉಸಿರುನಾಳ ಬಿಗಿಯಬಹುದು. ಒಂದೇ ಡೋಸಿನದು ಬಲಾಕ್ಸಾವಿರ್, ಅದನ್ನು ಕೇಳಿ ನೋಡಿ. ಜಪಾನಿನಲ್ಲಿ ಫ್ಲೂ ಬಂದವರ ಮನೆಯವರ ಮೇಲೇ ಒಂದು ಅಧ್ಯಯನ ಮಾಡಿದ್ದರು, 2020ರಲ್ಲಿ ಪ್ರಕಟವಾಯಿತು. ಬಲಾಕ್ಸಾವಿರ್ ತಗೊಂಡವರಲ್ಲಿ 1.9% ಜನರಿಗೆ ಫ್ಲೂ ಬಂತು, ಔಷಧಿಯೇ ಇಲ್ಲದ ತೋರಿಕೆಯ ಮಾತ್ರೆ ತಗೊಂಡವರಲ್ಲಿ 13.6%. ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆಯ ಜೊತೆ ಮಾತ್ರ ಕೊಡಬೇಡಿ, ಔಷಧಿ ಸರಿಯಾಗಿ ಒಳಗೆ ಸೇರಲ್ಲ.

ಉತ್ತರ 3:
ಡಾಕ್ಟರ್ ಈಗ ಬೇಡ, ಕಾದು ನೋಡೋಣ ಅಂದರೂ ಗಾಬರಿಯಾಗಬೇಡಿ, ಅದೂ ಒಂದು ಸರಿಯಾದ ದಾರಿಯೇ. ಆದರೆ ಜ್ವರ ಅಥವಾ ಕೆಮ್ಮು ಕಂಡ ತಕ್ಷಣ ಚಿಕಿತ್ಸೆಯ ಡೋಸ್ ಶುರುವಾಗುವ ಹಾಗೆ ಚೀಟಿ ಮೊದಲೇ ಬರೆಸಿಟ್ಟುಕೊಳ್ಳಿ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಸುಸ್ತು, ಗೊಂದಲ ಕಾಣಿಸುವುದೂ ಉಂಟು. ಮಗನಿಗೆ ಆಸ್ಪಿರಿನ್ ಕೊಡಬೇಡಿ, ಪ್ಯಾರಾಸಿಟಮಾಲ್ ಸಾಕು. ಅಮ್ಮನಿಗೆ ಉಸಿರಾಟ ಕಷ್ಟ ಆದರೆ ಮಾತ್ರೆಗೆ ಕಾಯದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.